ಕಿವಿ ಚುಚ್ಚುವ ತಿಂಗಳು

ಮಾರ್ಚಿನಲ್ಲಿ ರಾತ್ರಿ ಎರಡಕ್ಕೇ ಏಳಬೇಕು.
ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಏಳು ಹೆಂಗಸರು,
ರಬ್ಬರು ಏಪ್ರನ್ನು, ಎರಡೆರಡು ಜೊತೆ ಕೈಗವಸು,
ನಡುವೆ ಸೀಮೆಎಣ್ಣೆ ಒಲೆ, ಕುದಿಯುತ್ತಲೇ ಇರುವ ಕೆಟಲು.
ಹೊರಗೆ ಮೂತ್ಸು ಕೊಲ್ಲಿ,
ಎಷ್ಟು ಹಿಮ ಸುರಿದರೂ ಬೆಳ್ಳಗಾಗದ ಕಪ್ಪು.

ಹೊತಾತೆಗೆ ಎರಡು ಕಿವಿ.
ಬೀಸಣಿಗೆಯ ಹಿಡಿಯಂಥ ಕಡೆ, ಕೀಲಿನ ಅತ್ತ ಒಂದು, ಇತ್ತ ಒಂದು.
ಅದರಿಂದ ಏನೂ ಕೇಳಿಸುವುದಿಲ್ಲ,
ಕಿವಿ ಅಂದವರು ನಾವು.
ಅಂದಮೇಲೆ ಚುಚ್ಚದೆ ಬಿಡುವುದುಂಟೆ?
ಡ್ರಿಲ್ಲು ಝುಂಯ್ ಅನ್ನುತ್ತದೆ. ಬಿಳಿ ಪುಡಿ.
ಪ್ಲಾಸ್ಟಿಕ್ ಕೊಂಡಿ ತೂರಿಸು, ಹಗ್ಗಕ್ಕೆ ಸಿಕ್ಕಿಸು, ಮುಂದಿನದು.
ಬೆಳಕು ಹರಿಯುವಷ್ಟರಲ್ಲಿ ನನ್ನೊಬ್ಬಳ ಕೈಯಿಂದಲೇ ಎರಡು ಸಾವಿರ.
ಅತ್ತೆ ಫುಸಾ ಅವರ ಕಿವಿಯಲ್ಲಿ ತೂತಿಲ್ಲ.
ಅವರ ಕಾಲದಲ್ಲಿ ಈ ಊರಿನ ಯಾರೂ ಚುಚ್ಚಿಸಿಕೊಂಡಿರಲಿಲ್ಲ.

ನಾನು ಸೇಬಿನ ಕಡೆಯವಳು.
ಇವಾಕಿ ಬೆಟ್ಟದ ಬುಡದಲ್ಲಿ ಒಂದೊಂದು ಕಾಯಿಗೂ
ಕಾಗದದ ಚೀಲ ತೊಡಿಸಿ ಬೆಳೆದ ಕೈ ಇದು.
ಮದುವೆಯಾಗಿ ಬಂದ ವರ್ಷ ಅತ್ತೆ ದೋಣಿಗೆ ಹತ್ತಿಸಿಕೊಂಡು
ಈರುಳ್ಳಿ ಚೀಲವೊಂದನ್ನು ನೀರಿನಿಂದೆತ್ತಿ ಒದರಿದರು:
ಉದುರಿತು, ಗಸಗಸೆಗಿಂತ ತುಸು ದಪ್ಪ.
"ಇದು ನಮ್ಮ ಬಿತ್ತನೆ. ಬಿತ್ತಿದವರು ನಾವಲ್ಲ."

ಚಳಿ ಬಿಡುವ ಮುನ್ನ, ಗಂಡು ಹೆಣ್ಣು ಒಂದನ್ನೊಂದು ಮುಟ್ಟದೆ
ಸಮುದ್ರಕ್ಕೇ ಬಿಟ್ಟದ್ದು.
ತಿಂಗಳ ಮೇಲೆ ತೇಲಿ, ಸುಸ್ತಾಗಿ, ಒಂದೆಳೆ ನೂತು
ಸಿಕ್ಕಿದ್ದಕ್ಕೆ ಅಂಟಿಕೊಂಡದ್ದು.
ಕೊಂಚ ಬಲಿತ ಮೇಲೆ ತಾನೇ ಎಳೆ ಬಿಟ್ಟು ಉದುರುತ್ತದೆ,
ಆ ಹೊತ್ತಿಗೆ ಕೆಳಗೊಂದು ಚೀಲ ಹಿಡಿದಿರಬೇಕು.
ಅಷ್ಟೇ ಬೇಸಾಯ.
ಎಳೆಯವು ಹೆಚ್ಚುಪಾಲು ಗಂಡೇ, ಆಮೇಲೆ ಎಷ್ಟೋ ಹೆಣ್ಣಾಗುತ್ತವೆ.
ಇದನ್ನು ಹೇಳುವಾಗ ಅತ್ತೆ
ಮಾವನ ಕಡೆ ನೋಡಿ ನಗುತ್ತಾರೆ.

ಕಣ್ಣಿನ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.
ತೊಟ್ಟಿಯಲ್ಲಿ ಒಂದು ಅರೆಬಾಯಿ ತೆರೆದಿತ್ತು,
ಅಂಚಿನುದ್ದಕ್ಕೂ ಕರಿಮಣಿ, ಎಂಬತ್ತಕ್ಕೆ ಲೆಕ್ಕ ತಪ್ಪಿತು.
ಪ್ರತಿ ಕಣ್ಣಿನ ಹಿಂಬದಿಗೆ ಒಂದು ಕನ್ನಡಿಯಂತೆ,
ಮೀನುಗಾರಿಕೆ ಕಚೇರಿಯ ಹುಡುಗ ಅಂದ.
ಬಗ್ಗಿದೆ. ನೆರಳು ಬಿತ್ತು. ಪಟ್ಟನೆ ಮುಚ್ಚಿತು.
ಅಷ್ಟು ಕನ್ನಡಿಗಳಲ್ಲಿ ಅಷ್ಟು ಸಲ ನಾನು,
ಕೈಯಲ್ಲಿ ಡ್ರಿಲ್ಲು.

ಆ ವರ್ಷ ಆಗಸ್ಟಿನಲ್ಲಿ ನೀರು ಇಪ್ಪತ್ತಾರು ಡಿಗ್ರಿ ದಾಟಿತು.
ಮಾವ ಫೋನು ನೋಡುವರು, ಜೇಬಿಗಿಡುವರು, ಮತ್ತೆ ತೆಗೆಯುವರು.
ಹಗ್ಗಗಳನ್ನು ಇನ್ನೂ ಆಳಕ್ಕಿಳಿಸಿದೆವು,
ತಂಪು ಅಲ್ಲೂ ಮನೆ ಖಾಲಿ ಮಾಡಿತ್ತು.
ಸೆಪ್ಟೆಂಬರಿನಲ್ಲಿ ಎತ್ತಿದಾಗ ಹಗ್ಗ ಹಗುರ.
ಮೊದಲು ತೋಳಿಗೆ ಗೊತ್ತಾಯಿತು, ಆಮೇಲೆ ಮೂಗಿಗೆ.
ಬಾಯಿ ಬಿಟ್ಟ ಖಾಲಿ ಚಿಪ್ಪು, ಜೋಡಿ ಜೋಡಿ,
ಕಿವಿ ಮಾತ್ರ ಕೊಂಡಿಯಲ್ಲಿ ಹಾಗೇ ಇತ್ತು.

ಕೊನೆಯ ಹಗ್ಗದ ತುದಿಯಲ್ಲಿ ಹನ್ನೊಂದು ಉಳಿದಿದ್ದವು.
ಅತ್ತೆ ತಕ್ಕಡಿ ತರಿಸಲಿಲ್ಲ.
ಕೊಂಡಿಗಳನ್ನು ಕತ್ತರಿಸಿ ಒಂದೊಂದಾಗಿ ಬಿಟ್ಟರು.
ಒಂದು ಕ್ಷಣ ಸುಮ್ಮನೆ ಮುಳುಗಿದವು,
ಆಮೇಲೆ ನೆನಪಾದಂತೆ ಚಪ್ಪಾಳೆ ತಟ್ಟುತ್ತಾ
ಓರೆಯಾಗಿ ಕತ್ತಲೆಗೆ ಹೊರಟವು.

ಮರುವರ್ಷ ಜುಲೈನಲ್ಲಿ ಚೀಲ ಒದರಿದರೆ
ಗಸಗಸೆ ಇತ್ತು. ಕಡಿಮೆ, ಆದರೆ ಇತ್ತು.
ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದು ನೋಡಿದೆ,
ಯಾವುದು ಆ ಹನ್ನೊಂದರದ್ದು?
ತೂತು ವಂಶಕ್ಕೆ ಬರುವುದಿಲ್ಲ.
ಎಲ್ಲ ಕಿವಿಯೂ ಇಡಿಯಾಗಿತ್ತು,
ಮಾರ್ಚಿನವರೆಗೆ.